ಹ್ಯಾಮಂಡ್ ಆರ್ಗನ್ನಿನ ನಾದವನ್ನು ನಾನು ಹೊಂದಿಸಿಕೊಂಡ ಬಗೆ

ಸುಮಾರು 190 ಕಿಲೋ ತೂಗುವ ಹ್ಯಾಮಂಡ್ ಬಿ-3 ಎಂಬ ವಿದ್ಯುತ್ ಆರ್ಗನ್ನನ್ನು ಬಾಡಿಗೆ ಮನೆಯ ಮಹಡಿಗೆ ಹತ್ತಿಸುವುದು ಆಗದ ಮಾತು. ಹಾಗಾಗಿ ಲ್ಯಾಪ್‌ಟಾಪಿನಲ್ಲಿ ಆ ಆರ್ಗನ್ನನ್ನು ಅನುಕರಿಸುವ ಸೆಟ್‌ಬಿಫ್ರೀ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡು, ಒಂಬತ್ತು ಫೇಡರುಗಳಿರುವ (ಜಾರಿಸುವ ಗುಂಡಿಗಳಿರುವ), ಕಂಪ್ಯೂಟರಿಗೆ ಜೋಡಿಸುವ ಮಿಡಿ ಕೀಬೋರ್ಡನ್ನೂ ಸದ್ದನ್ನು ಏರಿಳಿಸುವ ಒಂದು ಎಕ್ಸ್‌ಪ್ರೆಶನ್ ಪೆಡಲನ್ನೂ ಅದಕ್ಕೆ ಜೋಡಿಸಿ, ನನಗೆ ಪ್ರಿಯವಾದ ಜಾಝ್, ಸೋಲ್ ಮತ್ತು ರಾಕ್ ನಾದಗಳನ್ನು ಒಂದೊಂದಾಗಿ ಹೊಂದಿಸಿಕೊಂಡೆ. ನಾದದ ಒಂದೊಂದು ಪದರವನ್ನು ಹೆಚ್ಚು ಕಡಿಮೆ ಮಾಡುವ ಎಳೆಕಡ್ಡಿಗಳಾದ ಡ್ರಾಬಾರುಗಳನ್ನು ಎಷ್ಟೆಷ್ಟು ಎಳೆಯಬೇಕೆಂಬ ಅಂಕಿಗಳು ಅಂತರಜಾಲದಲ್ಲಿ ಧಾರಾಳವಾಗಿ ಸಿಗುತ್ತವೆ. ಅವುಗಳಿಂದ ಅರ್ಧ ನಾದವಷ್ಟೇ ಬರುತ್ತದೆ, ಉಳಿದರ್ಧ ಬೆರಳನ್ನು ಎತ್ತುವ ಬಗೆಯಲ್ಲೂ ಕಾಲಿನಲ್ಲೂ ಇದೆ ಎಂಬುದು ನಾನು ಕಂಡುಕೊಂಡ ಸಂಗತಿ.

ಹಾರ್ಮೋನಿಯಂ ಕಲಿತಿದ್ದ ನನಗೆ ಡ್ರಾಬಾರುಗಳು ಸ್ವರಸ್ಥಾನಗಳ ಮೂಲಕವೇ ಅರ್ಥವಾದವು. ಅವುಗಳ ಹೆಸರಿನಲ್ಲಿರುವ ಅಡಿಗಳು ಕೊಳವೆ ಆರ್ಗನ್ನಿನ ಕೊಳವೆಗಳ ಉದ್ದದಿಂದ ಬಂದವು. ಒತ್ತಿದ ಮನೆಯನ್ನು (ಕೀಲಿಯನ್ನು) ಮಧ್ಯ ಷಡ್ಜವೆಂದುಕೊಂಡರೆ, 16 ಅಡಿಯ ಮೊದಲ ಡ್ರಾಬಾರ್ ಮಂದ್ರ ಷಡ್ಜವನ್ನೂ, 5⅓ ಅಡಿಯದು ಮಧ್ಯ ಪಂಚಮವನ್ನೂ, 8 ಅಡಿಯದು ಒತ್ತಿದ ಷಡ್ಜವನ್ನೇ, 4 ಅಡಿಯದು ತಾರ ಷಡ್ಜವನ್ನೂ, 2⅔ ಅಡಿಯದು ತಾರ ಪಂಚಮವನ್ನೂ ಕೊಡುತ್ತದೆ. ಏಳನೆಯದಾದ 1⅗ ಅಡಿಯ ಡ್ರಾಬಾರ್ ಎರಡು ಸ್ಥಾಯಿ ಮೇಲಿನ ಅಂತರ ಗಾಂಧಾರ. ಒಳಗೆ ತಿರುಗುತ್ತ ಸ್ವರ ಹುಟ್ಟಿಸುವ ಚಕ್ರಗಳಾದ ಟೋನ್‌ವೀಲುಗಳು ಪಿಯಾನೋದಂತೆ ಸಮವಿಭಜಿತ ಶ್ರುತಿಯಲ್ಲಿರುವುದರಿಂದ ಈ ಗಾಂಧಾರ ಶುದ್ಧ ಅನುಪಾತದ ಗಾಂಧಾರಕ್ಕಿಂತ ಸುಮಾರು 14 ಸೆಂಟ್ (ಒಂದು ಸೆಂಟ್ ಎಂದರೆ ಪಿಯಾನೋದ ಎರಡು ಪಕ್ಕದ ಸ್ವರಗಳ ಅಂತರದ ನೂರರಲ್ಲೊಂದು ಪಾಲು) ಮೇಲಿರುತ್ತದೆ. ತಂಬೂರಿಗೆ ಒಗ್ಗಿದ ಕಿವಿಗೆ ಅದು ತುಸು ಚುಚ್ಚುತ್ತದೆ; ನಾನು ಅದನ್ನು ಎಳೆಯುವುದು ಕಡಿಮೆ.

ಆರ್ಗನ್ ವಾದಕ ಜಿಮ್ಮಿ ಸ್ಮಿತ್ 1956ರಿಂದ ಬ್ಲೂ ನೋಟ್ ಎಂಬ ಧ್ವನಿಮುದ್ರಣ ಸಂಸ್ಥೆಗಾಗಿ ಧ್ವನಿಮುದ್ರಿಸಿದ ಜಾಝ್ ನಾದ ನನಗೆ ಎಲ್ಲಕ್ಕಿಂತ ಪ್ರಿಯ. ಮೊದಲ ಮೂರು ಡ್ರಾಬಾರುಗಳನ್ನು 8ರ ಅಂಕಿಯವರೆಗೆ ಪೂರ್ತಿ ಎಳೆದು, ಉಳಿದ ಆರನ್ನೂ ಮುಚ್ಚಿ, ಸ್ವರವನ್ನು ತುಸು ಅಲುಗಿಸುವ ವೈಬ್ರೆಟೊದ ಗುಂಡಿಯನ್ನು ಸಿ-3 ಎಂಬ ಗುರುತಿಗೆ ತಿರುಗಿಸಿ, ಪರ್ಕಶನ್ನನ್ನು ಮೂರನೆಯ ಹಾರ್ಮೋನಿಕ್‌ಗೆ, ಮೃದುವಾಗಿ ಹಾಗೂ ಬೇಗ ಅಡಗುವಂತೆ ಇಟ್ಟರೆ ಅದರ ಚೌಕಟ್ಟು ಸಿದ್ಧ. ಸ್ವರ ಹುಟ್ಟುವ ಗಳಿಗೆಯಲ್ಲಿ ತಾರ ಪಂಚಮವು ಒಮ್ಮೆ ಟಿಣ್ ಎಂದು ಮಿಂಚಿ ಮಾಯವಾಗುವುದೇ ಈ ಪರ್ಕಶನ್. ಒತ್ತಿರುವ ಮನೆಗಳೆಲ್ಲವನ್ನೂ ಬಿಟ್ಟ ಮೇಲಷ್ಟೇ ಅದು ಮತ್ತೆ ಹೊಡೆಯುತ್ತದೆ. ಹಾರ್ಮೋನಿಯಂ ಕೈಯಲ್ಲಿ ಸ್ವರಕ್ಕೆ ಸ್ವರವನ್ನು ಅಂಟಿಸಿ ನುಡಿಸಿದರೆ ಮೊದಲ ಸ್ವರಕ್ಕೆ ಮಾತ್ರ ಟಿಣ್ ಸಿಕ್ಕಿ ಉಳಿದವು ಮಂಕಾಗುತ್ತವೆ. ಆದ್ದರಿಂದ ಪ್ರತಿ ಸ್ವರದ ನಂತರವೂ ಕೂದಲೆಳೆಯಷ್ಟು ಬಿಡುವು ಕೊಟ್ಟು ವಿಳಂಬ ಕಾಲದಲ್ಲಿ ಸರಳೆ ವರಸೆಗಳನ್ನೇ ಅಭ್ಯಾಸ ಮಾಡಿದೆ. ಅದು ಕೈಗೆ ಹತ್ತಿದ ಮೇಲೆ ಯಾವ ಸ್ವರಕ್ಕೆ ಟಿಣ್ ಬೇಕು, ಯಾವುದಕ್ಕೆ ಬೇಡ ಎಂಬುದನ್ನು ಬೆರಳೇ ಆರಿಸತೊಡಗಿತು. ಪ್ರತಿ ಮನೆಯಡಿಯ ಒಂಬತ್ತು ವಿದ್ಯುತ್ ಸಂಪರ್ಕಗಳು ಒಂದೇ ಕ್ಷಣದಲ್ಲಿ ಕೂಡದಿರುವುದರಿಂದ ಏಳುವ ಚಿಟಿಕೆಯಂಥ ಸದ್ದನ್ನು ಹ್ಯಾಮಂಡ್ ಕಂಪನಿ ದೋಷವೆಂದೇ ಎಣಿಸಿತ್ತು. ಅದಿಲ್ಲದ ಜಾಝ್ ಆರ್ಗನ್ ನನಗಂತೂ ಸಪ್ಪೆ.

ಸೋಲ್ ಸಂಗೀತದಲ್ಲಿ ನನಗೆ ದಾರಿ ತೋರಿದ್ದು ಬುಕರ್ ಟಿ. ಜೋನ್ಸ್ 1962ರಲ್ಲಿ, ಇನ್ನೂ ಹದಿಹರೆಯದಲ್ಲಿದ್ದಾಗ, ಮೆಂಫಿಸ್‌ನ ಸ್ಟ್ಯಾಕ್ಸ್ ಸ್ಟುಡಿಯೋದಲ್ಲಿ ನುಡಿಸಿದ ‘ಗ್ರೀನ್ ಆನಿಯನ್ಸ್’. ಇಲ್ಲಿ ನಾನು ನಾಲ್ಕನೆಯ ಡ್ರಾಬಾರನ್ನೂ ಸೇರಿಸುತ್ತೇನೆ. ಹಾರ್ಮೋನಿಯಂನಲ್ಲಿ ಎಡಗೈ ತಿದಿಯಿಂದ ಮಾಡುವ ಕೆಲಸವನ್ನು ಆರ್ಗನ್ನಿನಲ್ಲಿ ಬಲಗಾಲು ಮಾಡಬೇಕು, ಏಕೆಂದರೆ ಮನೆಯನ್ನು ಎಷ್ಟು ಬಲವಾಗಿ ಒತ್ತಿದರೂ ಸದ್ದು ಹೆಚ್ಚುವುದಿಲ್ಲ. ಸೋಲ್ ನುಡಿಸುವಾಗ ಪೆಡಲನ್ನು ಅರ್ಧದಲ್ಲೇ ಹಿಡಿದಿಟ್ಟು, ಗಿಟಾರ್ ಉತ್ತರಿಸುವ ಜಾಗವನ್ನು ಖಾಲಿ ಬಿಡುವುದು ವಾಸಿ.

ರಾಕ್‌ನಲ್ಲಿ ಡೀಪ್ ಪರ್ಪಲ್ ತಂಡದ ಜಾನ್ ಲಾರ್ಡ್ ತಮ್ಮ ಹ್ಯಾಮಂಡ್ ಸಿ-3 ಆರ್ಗನ್ನನ್ನು ಗಿಟಾರಿನವರ ಮಾರ್ಷಲ್ ಆಂಪ್ಲಿಫೈಯರಿನ ಮೂಲಕ ಗರ್ಜಿಸುವಂತೆ ಮಾಡಿದರು. ಆ ಒರಟುತನಕ್ಕಾಗಿ, ಧ್ವನಿಯನ್ನು ಒಡೆಯುವ ಓವರ್‌ಡ್ರೈವ್ ಏರಿಸಿದಾಗ ಮೂರು ನಾಲ್ಕು ಸ್ವರಗಳ ಕಾರ್ಡುಗಳು ಕಲಸಿಹೋಗುತ್ತವೆ, ಏಕೆಂದರೆ ಒಡೆದ ಧ್ವನಿಯಲ್ಲಿ ಪ್ರತಿ ಜೋಡಿ ಸ್ವರವೂ ತನ್ನದೇ ಹೊಸ ಸ್ವರಗಳನ್ನು ಹುಟ್ಟಿಸುತ್ತದೆ. ಗಾಂಧಾರವನ್ನು ಬಿಟ್ಟು ಷಡ್ಜ-ಪಂಚಮಗಳನ್ನಷ್ಟೇ ಹಿಡಿದು, ಮೇಲಿನ ಡ್ರಾಬಾರುಗಳನ್ನು ಮುಚ್ಚಿದರೆ ಗರ್ಜನೆಯೂ ಉಳಿಯುತ್ತದೆ, ಸ್ವರವೂ ಕೇಳುತ್ತದೆ.

ಈ ಮೂರಕ್ಕೂ ನಾನು ಬಳಸುವುದು ಸದ್ದನ್ನು ಸುತ್ತಿಸಿ ಹೊರಬಿಡುವ ಲೆಸ್ಲಿ ಸ್ಪೀಕರಿನ ಅನುಕರಣೆ. ನಿಜವಾದ ಪೆಟ್ಟಿಗೆಯಲ್ಲಿ ಮೇಲೆ ಒಂದು ಕಹಳೆ, ಕೆಳಗೆ ಮಂದ್ರಕ್ಕಾಗಿ ಒಂದು ಪೀಪಾಯಿ ತಿರುಗುತ್ತವೆ; ನಿಧಾನ ಗತಿ ನಿಮಿಷಕ್ಕೆ ಸುಮಾರು 40 ಸುತ್ತು, ವೇಗದ ಗತಿ ಸುಮಾರು 400. ಹಗುರವಾದ ಕಹಳೆ ಬೇಗ ವೇಗ ಪಡೆಯುತ್ತದೆ, ಪೀಪಾಯಿ ಹಿಂದೆ ಬೀಳುತ್ತದೆ, ಮತ್ತು ಮನಸ್ಸನ್ನು ಸೆಳೆಯುವುದು ಇವೆರಡರ ನಡುವಿನ ಆ ಹೊಂದಾಣಿಕೆಯಿಲ್ಲದ ಕ್ಷಣಗಳೇ. ಆದ್ದರಿಂದ ಹಾಡಿನ ಉದ್ದಕ್ಕೂ ವೇಗದಲ್ಲಿ ಓಡಿಸುವುದು ನನಗೆ ಒಗ್ಗದು. ಸಾಲಿನ ಕೊನೆಯ ದೀರ್ಘ ಸ್ವರದ ಮೇಲೆ ಸ್ವಿಚ್ಚನ್ನು ಒತ್ತಿ, ಮುಂದಿನ ಸಾಲು ತೊಡಗುವಷ್ಟರಲ್ಲಿ ನಿಧಾನಕ್ಕೆ ಇಳಿಸುತ್ತೇನೆ. ಸುತ್ತಿನ ಸೊಗಸು ಎಡ-ಬಲ ಎರಡೂ ಚಾನೆಲ್ಲುಗಳಿದ್ದರೆ ಮಾತ್ರ ಪೂರ್ತಿ ಕೇಳುವುದರಿಂದ, ವೇದಿಕೆಯಲ್ಲಿ ಮಿಕ್ಸರಿನವರಲ್ಲಿ ಎರಡು ಚಾನೆಲ್ ಕೇಳಿ ಪಡೆಯುತ್ತೇನೆ. ಒಂದೇ ಸಿಕ್ಕರೆ ವೈಬ್ರೆಟೊವನ್ನೇ ಆಯ್ದುಕೊಂಡು, ಲೆಸ್ಲಿಯನ್ನು ನಿಧಾನದಲ್ಲೇ ಬಿಟ್ಟುಬಿಡುತ್ತೇನೆ.