ಮೂರು ಎಕರೆಗೂ ಈಕ್ವಿಪ್ ಸಿಕ್ಕಿತು: ಟೆಕ್ಸಸ್‌ನಲ್ಲಿ ನನ್ನ ಅನುಭವ

‘ಮೂರು ಎಕರೆಗೆ ಇಲ್ಲಿ ಯಾರು ದುಡ್ಡು ಕೊಡ್ತಾರೆ?’ ಎಂದವರೇ ಹೆಚ್ಚು. ಈಕ್ವಿಪ್ ಅಂದರೆ ಮಣ್ಣು-ನೀರು ಕಾಯುವ ಕೆಲಸಕ್ಕೆ ರೈತರಿಗೆ ಹಣ ಕೊಡುವ ಅಮೆರಿಕ ಸರ್ಕಾರದ ಯೋಜನೆ. ಈಗ ನನ್ನ ಹೈ ಟನಲ್, ಅಂದರೆ ಪ್ಲಾಸ್ಟಿಕ್ ಹೊದಿಸಿದ ಕಮಾನಿನ ಬೆಳೆ ಮನೆ, ಎದ್ದು ನಿಂತಿದೆ, ಹಣವೂ ಖಾತೆಗೆ ಬಿದ್ದಿದೆ.

ಯೋಜನೆಗಳ ಹೆಸರು ಹುಡುಕುತ್ತ ಕೂತರೆ ವರ್ಷ ಕಳೆಯುತ್ತದೆ. ಮೊದಲು ಎಫ್‌ಎಸ್‌ಎ, ಅಂದರೆ ಕೃಷಿ ಇಲಾಖೆಯ ರೈತ ಸೇವಾ ಕಚೇರಿಯಿಂದ, ಫಾರ್ಮ್ ನಂಬರ್, ಟ್ರ್ಯಾಕ್ಟ್ ನಂಬರ್ ಮಾಡಿಸಿಕೊಳ್ಳಿ. ಊರಲ್ಲಿ ಪಹಣಿ ಇದ್ದಂತೆ ಇದು. ತೆರಿಗೆಗೆ ಜಮೀನಿನ ಬೆಲೆ ಕಟ್ಟುವ ಅಪ್ರೈಸಲ್ ಡಿಸ್ಟ್ರಿಕ್ಟ್‌ನ ಕೃಷಿ ತೆರಿಗೆ ರಿಯಾಯಿತಿಗೂ ಇದಕ್ಕೂ ಸಂಬಂಧವಿಲ್ಲ. ಡೀಡ್ ಅಥವಾ ಲೀಸ್ ಪತ್ರ, ಗುರುತಿನ ಚೀಟಿ, ಬ್ಯಾಂಕ್ ವಿವರ ಒಯ್ದರೆ ಒಂದೇ ಸಲಕ್ಕೆ ಮುಗಿಯುವ ಕೆಲಸ. ನನಗೆ ಮೂರು ಸಲ ಬೇಕಾಯಿತು. ಡೀಡ್‌ನಲ್ಲಿ ಇನಿಷಿಯಲ್ ಬಿಡಿಸಿ ಊರ ಹೆಸರು ಬರೆಸಿದ್ದೆ, ಸೋಶಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಅದಿರಲಿಲ್ಲ. ನಮ್ಮವರು ಇದೊಂದನ್ನು ಮೊದಲೇ ನೋಡಿಕೊಳ್ಳಿ. ಮಣ್ಣು, ಜೌಗು ನೆಲ ಕಾಯುವ ಒಪ್ಪಿಗೆಯ ಎಡಿ-1026, ಆದಾಯದ ಮಿತಿಯ ಸಿಸಿಸಿ-941 ನಮೂನೆಗಳನ್ನು ಅಲ್ಲೇ ತುಂಬಿಬಿಡಿ. ಇವು ಬಾಕಿಯಿದ್ದರೆ ಮುಂದಿನ ಅರ್ಜಿ ಕದಲುವುದಿಲ್ಲ.

ಆಮೇಲೆ ಎನ್‌ಆರ್‌ಸಿಎಸ್, ಈಕ್ವಿಪ್ ನಡೆಸುವ ಮಣ್ಣು-ನೀರು ಸಂರಕ್ಷಣಾ ಕಚೇರಿ. ಹೆಚ್ಚಾಗಿ ಅದೇ ಕಟ್ಟಡದಲ್ಲಿರುತ್ತದೆ. ‘ಯಾವ ಸ್ಕೀಮ್ ಇದೆ?’ ಎಂದು ಕೇಳಬೇಡಿ, ಹೊಲದ ತೊಂದರೆ ತೋರಿಸಿ. ಅವರದೇ ವೆಬ್ ಸಾಯಿಲ್ ಸರ್ವೆ ತಾಣದ ಮಣ್ಣಿನ ನಕ್ಷೆ, ಮಳೆ ಬಿದ್ದ ಮರುದಿನ ಕೊರಕಲಿನ ಫೋಟೋ ಇಟ್ಟರೆ ಮಾತು ಬೇಗ ಮುಂದಕ್ಕೆ ಹೋಗುತ್ತದೆ. ಅರ್ಜಿ ವರ್ಷವಿಡೀ ತಗೊಳ್ಳುತ್ತಾರೆ, ಆದರೆ ಅಂಕ ಕೊಟ್ಟು ಅರ್ಜಿ ಆರಿಸುವ ರ‍್ಯಾಂಕಿಂಗ್‌ಗೆ ಕೊನೆಯ ದಿನ ಬೇರೆ ಇರುತ್ತದೆ. ಅದನ್ನು ತಪ್ಪಿಸಿಕೊಂಡರೆ ಮುಂದಿನ ಸುತ್ತಿಗೆ. ಮೊದಲ ಸಲ ಬರೀ ಟನಲ್ (ಅವರ ಕೆಲಸಗಳ ಪಟ್ಟಿಯಲ್ಲಿ 325ನೇ ಸಂಖ್ಯೆ) ಕೇಳಿ ಅಂಕ ಸಾಲದೆ ಬಿದ್ದೆ. ಛಾವಣಿ ನೀರು ಹೋಗಲು ದಾರಿ, ಮಣ್ಣು ಮುಚ್ಚಿ ಕಾಯಲು ಬೆಳೆಯುವ ಕವರ್ ಕ್ರಾಪ್ (ಸಂಖ್ಯೆ 340) ಸೇರಿಸಿದ ಮೇಲೆ ಅರ್ಜಿ ಮೇಲಕ್ಕೆ ಬಂತು. ಇನ್ನೊಂದು ಉಪಾಯವೂ ಇತ್ತು. ಮುಂದಿನ ವರ್ಷ ನನಗೇ ಬೇಕಾದ್ದರಿಂದ ಅದಿಲ್ಲಿ ಬೇಡ.

ಡ್ರಿಪ್‌ನಲ್ಲಿ ಕೈ ಸುಟ್ಟುಕೊಂಡೆ. ಅಗ್ಗಕ್ಕೆ ಸಿಕ್ಕಿತೆಂದು ಕರಾರಿಗೆ ಸಹಿ ಬೀಳುವ ಮೊದಲೇ ಹಾಕಿಸಿದೆ, ಆರೇಳು ನೂರು ಡಾಲರ್ ನನ್ನ ತಲೆಗೇ ಬಂತು. ಸಹಿಗೆ ಮುಂಚೆ ಶುರುವಾದ ಕೆಲಸಕ್ಕೆ ಕಾಸಿಲ್ಲ. ಅಲ್ಲದೆ ಡ್ರಿಪ್‌ಗೆ ಕಳೆದ ಐದು ವರ್ಷದಲ್ಲಿ ಎರಡು ವರ್ಷ ನೀರು ಹಾಯಿಸಿದ ದಾಖಲೆಯನ್ನೂ ಸಾಮಾನ್ಯವಾಗಿ ಕೇಳುತ್ತಾರೆ.

ಟನಲ್ ಕಂಪನಿ ಕಿಟ್ಟೇ ಆಗಬೇಕು, ಪೈಪ್ ಬಗ್ಗಿಸಿ ಮನೆಯಲ್ಲೇ ಕಟ್ಟಿದ್ದು ನಡೆಯುವುದಿಲ್ಲ. ನನ್ನದು 30ಕ್ಕೆ 72 ಅಡಿ. ಕಿಟ್, ಮರ, ಕೂಲಿ ಸೇರಿ ಸುಮಾರು 14 ಸಾವಿರ ಡಾಲರ್. ಬಂದದ್ದು ಹತ್ತೂವರೆ ಸಾವಿರದ ಆಸುಪಾಸು. ಬಿಲ್ ಎಷ್ಟಾಯಿತೆಂದು ನೋಡಿ ಕೊಡುವುದಲ್ಲ, ಚದರಡಿಗೆ ಇಷ್ಟೆಂದು ದರ. ಅದೂ ತಪಾಸಣೆ ಮುಗಿದ ಮೇಲೆ. ಅಲ್ಲಿಯವರೆಗೆ ದುಡ್ಡು ನಮ್ಮದೇ. ಕೃಷಿಗಿಳಿದು ಹತ್ತು ವರ್ಷ ದಾಟದವರು ಅರ್ಧವನ್ನಾದರೂ ಮುಂಗಡ ಕೇಳಬಹುದು, ಆದರೆ 90 ದಿನದೊಳಗೆ ಖರ್ಚು ಮಾಡಬೇಕು.

ಕವರ್ ಕ್ರಾಪ್‌ಗೆ ಇಂಡಿಯನ್ ಅಂಗಡಿಯ ಅಲಸಂದೆ ಎರಚಿ ನೋಡಿದೆ. ಸೊಗಸಾಗಿ ಹಬ್ಬಿತು, ಹುಳಿಗೂ ಆಯಿತು. ಬೀಜದ ವಿವರ ಬರೆದ ಚೀಲದ ಟ್ಯಾಗ್ ಇಲ್ಲವೆಂದು ಲೆಕ್ಕಕ್ಕೆ ಮಾತ್ರ ಬರಲಿಲ್ಲ. ಟ್ಯಾಗ್ ಇರುವ ಬೀಜ ತಂದು ಮತ್ತೆ ಬಿತ್ತಿದೆ.

ಬಂದ ಹಣಕ್ಕೆ 1099-ಜಿ ಎಂಬ ತೆರಿಗೆ ಪತ್ರ ಬರುತ್ತದೆ. ತೆರಿಗೆಗೆಂದು ಒಂದಿಷ್ಟು ಬೇರೆ ಎತ್ತಿಡಿ, ನಾನು ಇಟ್ಟಿರಲಿಲ್ಲ.