ಬೀದರಿನ ತಂಪು ಬೆಳಗಿಗೆ ಕುಂಬಳಕಾಯಿ ಸ್ಕೋನ್

ಸೀಗಿ ಹುಣ್ಣಿಮೆ ಕಳೆದು ಬೀದರಿನಲ್ಲಿ ಬೆಳಗಿನ ಹೊತ್ತು ತಣ್ಣಗಾಗತೊಡಗಿತೆಂದರೆ ನಮ್ಮ ಮನೆಯಲ್ಲಿ ಸ್ಕೋನ್ ಎಂಬ ಬನ್ನಿನಂಥ ತಿಂಡಿ ಮಾಡುವ ಕಾಲ ಬಂತು ಅಂತಲೇ ಲೆಕ್ಕ. ಇದಕ್ಕೆ ಕಾರಣ ಬೆಣ್ಣೆ. ಸ್ಕೋನ್ ಪದರ ಪದರವಾಗಿ ಏಳಬೇಕಾದರೆ ಹಿಟ್ಟಿನೊಳಗಿನ ಬೆಣ್ಣೆ ಓವನ್ ಸೇರುವವರೆಗೂ ಗಟ್ಟಿಯಾಗಿಯೇ ಉಳಿಯಬೇಕು. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಅದು ಕೈ ತಾಗಿದ ಕೂಡಲೇ ಕರಗುತ್ತದೆ. ಅಕ್ಟೋಬರ್ ಕೊನೆಗೆ ಬೆಳಿಗ್ಗೆ ಆರಕ್ಕೆ ಎದ್ದು ಕಲಸಿದರೆ ಆ ಚಿಂತೆ ಇಲ್ಲ.

ಸ್ಕೋನ್ ಮೂಲತಃ ಸ್ಕಾಟ್ಲೆಂಡಿನದು. ಈಸ್ಟ್ ಬೇಡ, ಹಿಟ್ಟು ಉಬ್ಬಲಿ ಅಂತ ಗಂಟೆಗಟ್ಟಲೆ ಕಾಯುವುದೂ ಬೇಡ. ಕುಂಬಳಕಾಯಿ ಹಾಕಿದ ಸ್ಕೋನ್‌ಗೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಹೆಸರುವಾಸಿ. ಅಲ್ಲಿನ ಫ್ಲೋ ಬ್ಯೆಲ್ಕಿ ಪೀಟರ್ಸನ್ ಅವರು 1981ರಿಂದ 1993ರವರೆಗೆ ಸೆನೆಟರ್ ಆಗಿದ್ದರು. ಆದರೂ ಜನ ಅವರನ್ನು ಹೆಚ್ಚಾಗಿ ನೆನೆಯುವುದು ಅವರ ಕುಂಬಳಕಾಯಿ ಸ್ಕೋನ್‌ಗಾಗಿ! ಅಮೆರಿಕದವರು ಇದಕ್ಕೆ ದಾಲ್ಚಿನ್ನಿ, ಲವಂಗ, ಜಾಯಿಕಾಯಿ ಸೇರಿಸಿ, ತ್ರಿಕೋನವಾಗಿ ಕತ್ತರಿಸಿ, ಮೇಲೆ ಸಕ್ಕರೆ ಪಾಕ ಸುರಿಯುತ್ತಾರೆ. ನಾನು ಮಸಾಲೆಯನ್ನು ಇಟ್ಟುಕೊಂಡೆ, ಪಾಕ ಬಿಟ್ಟೆ. ಬೆಳಗಿನ ತಿಂಡಿಗೆ ಅಷ್ಟು ಸಿಹಿ ಬೇಡ. ಕುಂಬಳಕಾಯಿಗೆ ಬೆಲ್ಲ ಹಾಕಿ ಗಾರಿಗೆ ಕರಿಯುವ ನಮಗೆ ಈ ಜೋಡಿಯೇನೂ ಹೊಸದಲ್ಲ, ಅಲ್ವಾ?

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಕುಂಬಳಕಾಯಿಯೊಳಗಿನ ನೀರು. ಆಯುಧಪೂಜೆಗೆ ಒಡೆಯುವ ಬೂದುಗುಂಬಳ ಇದಕ್ಕೆ ಬರುವುದಿಲ್ಲ. ಕೆಂಪು ತಿರುಳಿನ ಸಿಹಿಗುಂಬಳವೇ ಬೇಕು. ಸಂತೆಯಲ್ಲಿ ಹೋಳು ಮಾಡಿ ಇಟ್ಟಿರುತ್ತಾರೆ. ಸಿಪ್ಪೆಗೆ ಉಗುರು ಇಳಿಯಬಾರದು, ತಿರುಳು ದಪ್ಪಗಿದ್ದು ಬಣ್ಣ ಗಾಢವಾಗಿರಬೇಕು. ನಾನು ಯಾವಾಗಲೂ ಕೊಳ್ಳುವ ಅಜ್ಜಿ ಹೋಳನ್ನು ಕೈಗಿಟ್ಟು, ‘ಇದು ಬಲಿತದ್ದು ಅದ ಯವ್ವಾ, ತಗೋ’ ಅಂದರೆ ನಾನು ಮತ್ತೆ ಆರಿಸಲು ಹೋಗುವುದಿಲ್ಲ. ಎಳೆಯ ಕಾಯಿಯಲ್ಲಿ ನೀರು ಜಾಸ್ತಿ, ರುಚಿ ಕಡಿಮೆ.

ಕುಕ್ಕರಿನಲ್ಲಿ ನೀರು ಹಾಕಿ ಬೇಯಿಸಬೇಡಿ. ಇಡ್ಲಿ ಪಾತ್ರೆಯಲ್ಲಿ ಹಬೆಗೆ ಇಡಿ, ಚಾಕು ಸಲೀಸಾಗಿ ಇಳಿದರೆ ಸಾಕು. ಆಮೇಲೆ ಸಿಪ್ಪೆ ತೆಗೆದು, ಮಸೆದು, ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಇರಬೇಕು. ಮೊದಲು ಅದು ಚಟಪಟ ಅಂತ ಸಿಡಿಯುತ್ತದೆ, ಅಂಚಿನಲ್ಲಿ ತೆಳ್ಳಗೆ ನೀರು ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಸಿಡಿಯುವುದು ನಿಲ್ಲುತ್ತದೆ, ಬಣ್ಣ ಕಂದುಗೆಂಪಿಗೆ ತಿರುಗುತ್ತದೆ. ಸೌಟಿನಿಂದ ನಡುವೆ ಗೆರೆ ಎಳೆದರೆ ಆ ಗೆರೆ ಮುಚ್ಚಿಕೊಳ್ಳದೆ ಹಾಗೇ ನಿಲ್ಲಬೇಕು. ಹೋಳಿಗೆ ಹೂರಣದ ಹದ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಅವಸರ ಮಾಡಿದರೆ ಹಿಟ್ಟು ಅಂಟಂಟಾಗುತ್ತದೆ, ಮತ್ತೆ ಮತ್ತೆ ಮೈದಾ ಸುರಿಯಬೇಕಾಗುತ್ತದೆ, ಕೊನೆಗೆ ಸ್ಕೋನ್ ಗಡಸಾಗುತ್ತದೆ. ಈ ಕೆಲಸವನ್ನು ಹಿಂದಿನ ರಾತ್ರಿಯೇ ಮುಗಿಸಿ ಫ್ರಿಜ್ಜಿನಲ್ಲಿಟ್ಟರೆ ತಿರುಳು ತಣ್ಣಗೂ ಇರುತ್ತದೆ, ಬೆಣ್ಣೆಗೂ ಒಳ್ಳೆಯದು.

ಮಸಾಲೆಯನ್ನು ಮನೆಯಲ್ಲೇ ಕುಟ್ಟಿಕೊಳ್ಳಿ. ದಾಲ್ಚಿನ್ನಿ ಪುಡಿ ಒಂದು ಟೀ ಚಮಚ, ಒಣಶುಂಠಿ ಅರ್ಧ, ತುರಿದ ಜಾಯಿಕಾಯಿ ಕಾಲು, ಲವಂಗ ಎರಡೇ ಎರಡು. ಲವಂಗ ಹೆಚ್ಚಾದರೆ ಬೇರೆ ಯಾವ ರುಚಿಯೂ ನಾಲಿಗೆಗೆ ಸಿಗುವುದಿಲ್ಲ. ಇದರ ಜೊತೆ ಒಂದು ಚಮಚ ಹಸಿ ಶುಂಠಿಯನ್ನೂ ತುರಿದು ಹಾಕುತ್ತೇನೆ. ನಮ್ಮ ಬೀದರ್ ಜಿಲ್ಲೆ ಶುಂಠಿಗೆ ಹೆಸರಾದದ್ದು. ‘ಒಂದು ಜಿಲ್ಲೆ ಒಂದು ಉತ್ಪನ್ನ’ ಯೋಜನೆಯಲ್ಲಿ ಈ ಜಿಲ್ಲೆಗೆ ಆರಿಸಿರುವುದೂ ಶುಂಠಿಯನ್ನೇ. ಕೈಗೆಟಕುವಲ್ಲಿ ಇಷ್ಟು ಒಳ್ಳೆಯ ಶುಂಠಿ ಇರುವಾಗ ಡಬ್ಬಿ ಪುಡಿ ಒಂದನ್ನೇ ನೆಚ್ಚಿಕೊಳ್ಳುವುದು ನನಗೆ ಸರಿ ಅನಿಸುವುದಿಲ್ಲ. ಒಣಶುಂಠಿ ಹಿತವಾದ ಕಾವು ಕೊಟ್ಟರೆ ಹಸಿ ಶುಂಠಿ ಘಮ ಕೊಡುತ್ತದೆ.

ಇನ್ನು ಹಿಟ್ಟು. ಮೈದಾ 200 ಗ್ರಾಂ, ಗೋಧಿ ಹಿಟ್ಟು 50 ಗ್ರಾಂ, ಬೇಕಿಂಗ್ ಪೌಡರ್ ಎರಡು ಟೀ ಚಮಚ, ಅಡುಗೆ ಸೋಡಾ ಕಾಲು ಚಮಚ, ಉಪ್ಪು ಕಾಲು ಚಮಚ, ಬೆಲ್ಲದ ಪುಡಿ 50 ಗ್ರಾಂ. ಇದಿಷ್ಟನ್ನೂ ಮಸಾಲೆ ಪುಡಿಯ ಜೊತೆ ಬೆರೆಸಿ. ಬೇಕಿಂಗ್ ಪೌಡರ್ ಹಳೆಯದಾಗಿದ್ದರೆ ಚಿಟಿಕೆಯಷ್ಟನ್ನು ಬಿಸಿ ನೀರಿಗೆ ಹಾಕಿ ನೋಡಿ, ನೊರೆ ಬರದಿದ್ದರೆ ಎಸೆಯಿರಿ. ಫ್ರಿಜ್ಜಿನಿಂದ ಆಗಷ್ಟೇ ತೆಗೆದ 75 ಗ್ರಾಂ ಬೆಣ್ಣೆಯನ್ನು ಸಣ್ಣ ಚೂರು ಮಾಡಿ ಬೆರಳ ತುದಿಯಿಂದ ಹಿಟ್ಟಿಗೆ ಉಜ್ಜಬೇಕು. ಅಂಗೈ ತಾಗಿಸಬೇಡಿ, ಅಂಗೈಯ ಶಾಖಕ್ಕೆ ಬೆಣ್ಣೆ ಕರಗುತ್ತದೆ. ಪೂರ್ತಿ ಪುಡಿಯಾಗುವುದೂ ಬೇಡ. ಬಟಾಣಿ ಗಾತ್ರದ ಚೂರುಗಳು ಅಲ್ಲಲ್ಲಿ ಉಳಿಯಲಿ. ಓವನ್ನಿನ ಬಿಸಿಗೆ ಆ ಚೂರು ಕರಗಿ, ಅದರೊಳಗಿನ ನೀರು ಹಬೆಯಾಗಿ ಹಿಟ್ಟನ್ನು ಮೇಲೆತ್ತುತ್ತದೆ. ಪದರ ಬರುವುದು ಹೀಗೆ.

120 ಗ್ರಾಂ ತಣ್ಣನೆಯ ಕುಂಬಳಕಾಯಿ ತಿರುಳು, ತುರಿದ ಹಸಿ ಶುಂಠಿ, ಎರಡು ಮೂರು ದೊಡ್ಡ ಚಮಚ ಗಟ್ಟಿ ಮೊಸರು ಸೇರಿಸಿ. ಮೊಸರಿನ ಹುಳಿ ತಾಗಿದಾಗಲೇ ಸೋಡಾ ಕೆಲಸ ಶುರು ಮಾಡುವುದು. ಇನ್ನು ತಡ ಮಾಡಬಾರದು. ಚಪಾತಿ ಹಿಟ್ಟು ನಾದುವ ನಮ್ಮ ಕೈಗೆ ಇಲ್ಲಿ ಸ್ವಲ್ಪ ಕಡಿವಾಣ ಬೇಕು. ನಾದಿದಷ್ಟೂ ಹಿಟ್ಟಿನೊಳಗಿನ ಅಂಟು, ಅಂದರೆ ಗ್ಲೂಟನ್, ಬಿಗಿಯುತ್ತದೆ, ಸ್ಕೋನ್ ರಬ್ಬರಿನಂತಾಗುತ್ತದೆ. ಒರಟಾಗಿ ಒಂದುಗೂಡಿದರೆ ಸಾಕು. ಮಣೆಯ ಮೇಲೆ ತಟ್ಟಿ, ಒಮ್ಮೆ ಮಡಚಿ, ಮತ್ತೆ ಒಂದು ಇಂಚು ದಪ್ಪಕ್ಕೆ ದುಂಡಗೆ ತಟ್ಟಿ. ಹರಿತವಾದ ಚಾಕುವಿನಿಂದ ನೇರವಾಗಿ ಒತ್ತಿ ಎಂಟು ತ್ರಿಕೋನ ಮಾಡಿ. ಚಾಕುವನ್ನು ಹಿಂದೆ ಮುಂದೆ ಎಳೆದರೆ ಅಂಚಿನ ಪದರ ಅಂಟಿಕೊಂಡು ಸರಿಯಾಗಿ ಉಬ್ಬುವುದಿಲ್ಲ.

ಓವನ್ ಹದಿನೈದು ನಿಮಿಷ ಮೊದಲೇ 200 ಡಿಗ್ರಿಗೆ ಕಾದಿರಬೇಕು. ಮೇಲೆ ಹಾಲು ಸವರಿ, ನಡುವಿನ ಅಂತಸ್ತಿನಲ್ಲಿಟ್ಟು 18ರಿಂದ 20 ನಿಮಿಷ ಬೇಯಿಸಿ. ತಳಕ್ಕೆ ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಬಿಸಿ ಇರುವಾಗಲೇ ಕೈಯಿಂದ ಎರಡಾಗಿ ಬಿಡಿಸಿ, ಮನೆ ಬೆಣ್ಣೆ ಸವರಿ, ಖಡಕ್ ಚಹಾದ ಜೊತೆ ತಿನ್ನುತ್ತೇವೆ. ನಮ್ಮ ಅತ್ತೆಯವರಿಗೂ ಇದು ಹಿಡಿಸಿದೆ. ‘ಎಣ್ಣಿ ಇಲ್ಲ, ಹೊಟ್ಟಿಗೂ ಭಾರ ಆಗಂಗಿಲ್ಲ, ಇನ್ನೊಂದು ಕೊಡವಾ’ ಅಂತ ಕೇಳಿ ಹಾಕಿಸಿಕೊಳ್ಳುತ್ತಾರೆ.

ಓವನ್ ಇಲ್ಲದವರು ರೊಟ್ಟಿ ಹಂಚಿನಲ್ಲೂ ಮಾಡಬಹುದು. ಹಿಂದೆ ಸ್ಕಾಟ್ಲೆಂಡಿನಲ್ಲೂ ಸ್ಕೋನ್ ಬೇಯುತ್ತಿದ್ದದ್ದು ಕಬ್ಬಿಣದ ಹಂಚಿನ ಮೇಲೆಯೇ. ಹಿಟ್ಟನ್ನು ಅರ್ಧ ಇಂಚಿಗಿಂತ ದಪ್ಪ ಬಿಡದೆ ತಟ್ಟಿ, ದಪ್ಪ ಹಂಚನ್ನು ಸಣ್ಣ ಉರಿಯಲ್ಲಿ ಕಾಯಿಸಿ, ಮುಚ್ಚಳ ಮುಚ್ಚಿ ಒಂದೊಂದು ಮಗ್ಗುಲು ಏಳೆಂಟು ನಿಮಿಷ ಬೇಯಿಸಿ. ಓವನ್ನಿನದರಷ್ಟು ಎತ್ತರಕ್ಕೆ ಏಳುವುದಿಲ್ಲ, ಆದರೆ ಹಂಚು ತಾಗಿದ ಮೈ ಗರಿಗರಿಯಾಗಿ ಬರುತ್ತದೆ. ಉರಿ ಮಾತ್ರ ಏರಿಸಬೇಡಿ. ಬೆಲ್ಲ ಬೇಗ ಸೀಯುತ್ತದೆ, ಒಳಗೆ ಹಸಿ ಉಳಿಯುತ್ತದೆ.