ಹಳ್ಳ ಚೆನ್ನಾಗಿದೆಯಾ? ಕಲ್ಲು ಮಗುಚಿ ನೋಡಿ

ಮೂಡಿಗೆರೆ, ಸಕಲೇಶಪುರದ ಕಾಫಿ ತೋಟಗಳ ನಡುವೆ ಹರಿಯುವ ಹಳ್ಳಗಳಲ್ಲಿ ಡಿಸೆಂಬರ್ ಹೊತ್ತಿಗೆ ತಳದ ಮರಳೂ ಕಾಣುವಷ್ಟು ತಿಳಿನೀರು. ನೋಡಿದವರು ‘ಎಷ್ಟು ಚೊಕ್ಕ!’ ಅನ್ನುತ್ತಾರೆ. ಆದರೆ ಅಡಿಕೆಗೆ ಕೊಳೆರೋಗ ಬಾರದಂತೆ ಹೊಡೆದ ಬೋರ್ಡೋ ದ್ರಾವಣದ ತಾಮ್ರ ನೀರಿನಲ್ಲಿ ಕರಗಿದ್ದರೂ ನೀರು ತಿಳಿಯಾಗೇ ಕಾಣಬಹುದು. ಲ್ಯಾಬಿಗೆ ಕೊಟ್ಟ ಒಂದು ಬಾಟಲಿ ನೀರು ಆ ಗಳಿಗೆಯ ಕಥೆ ಮಾತ್ರ ಹೇಳುತ್ತದೆ. ನಿನ್ನೆ ರಾತ್ರಿ ಯಾರೋ ಪಲ್ಪಿಂಗ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿದು ತೊಳೆದ ನೀರು, ಬಿಟ್ಟಿದ್ದರೆ ಇವತ್ತು ಬೆಳಿಗ್ಗೆ ಅದರ ಗುರುತೇ ಸಿಗದಿರಬಹುದು. ಕಲ್ಲಿನಡಿ ತಿಂಗಳುಗಟ್ಟಲೆ ಬದುಕುವ ಹುಳಗಳಿಗೆ ಆ ಅನುಕೂಲ ಇಲ್ಲ. ಬಂದದ್ದನ್ನೆಲ್ಲ ಅವು ಅನುಭವಿಸಲೇಬೇಕು. ಹಾಗಾಗಿ ಹಳ್ಳದ ಸ್ಥಿತಿ ತಿಳಿಯಬೇಕಾದರೆ ಅವುಗಳನ್ನೇ ಹುಡುಕಬೇಕು.

ಯಾವಾಗ, ಎಲ್ಲಿ?

ಮಳೆಗಾಲದಲ್ಲಿ ಬೇಡ. ನೆರೆಗೆ ಹುಳಗಳು ಕೊಚ್ಚಿಹೋಗಿರುತ್ತವೆ, ಇಳಿಯುವುದೂ ಅಪಾಯ. ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಕಾಫಿ ಪಲ್ಪಿಂಗ್ ನಡೆಯುವುದೂ ಆಗಲೇ. ಎರಡು ಜಾಗ ಆರಿಸಿ: ತೋಟ, ಊರು ಸಿಗುವ ಮೊದಲಿನ ಮೇಲ್ಭಾಗ ಒಂದು, ಅವೆರಡನ್ನೂ ದಾಟಿದ ಮೇಲಿನ ಕೆಳಭಾಗ ಇನ್ನೊಂದು. ಎರಡು ಕಡೆಯೂ ಕಲ್ಲು, ನೆರಳು, ಹರಿವು ಹೆಚ್ಚುಕಡಿಮೆ ಒಂದೇ ಥರ ಇರಲಿ. ಹೋಲಿಸಲು ಮೇಲಿನದ್ದು ಇಲ್ಲದಿದ್ದರೆ ಕೆಳಗಿನ ಲೆಕ್ಕಕ್ಕೆ ಅರ್ಥ ಕಡಿಮೆ. ಕಾಲಿಗೆ ಗಾಯ ಇದ್ದರೆ ನೀರಿಗೆ ಇಳಿಯಬೇಡಿ, ಮಲೆನಾಡಲ್ಲಿ ಇಲಿಜ್ವರದ ಭಯ ಇದೆ. ಮೀಸಲು ಅರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಇಳಿಯುವ ಮುಂಚೆ

ದಡದಲ್ಲಿ ನಿಂತು ನೂರು ಮೀಟರ್ ಉದ್ದ ನೋಡಿ. ಹೊಳೆಮತ್ತಿ, ಕೇದಿಗೆ ಉಳಿದಿವೆಯಾ, ಅಥವಾ ನೀರಿನ ಅಂಚಿನವರೆಗೂ ಬೋಳಿಸಿದ್ದಾರಾ? ನೆರಳು ಹೋದರೆ ನೀರು ಬಿಸಿಯಾಗುತ್ತದೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಕ್ಸಿಜನ್ ಹಿಡಿದಿಟ್ಟುಕೊಳ್ಳಬಲ್ಲದು, 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ದಡದ ಮರ ಕಡಿದಿದ್ದು ಹೀಗೆ ನೀರೊಳಗಿನ ಉಸಿರಿಗೇ ತಟ್ಟುತ್ತದೆ.

ನೀರಿನ ಮೇಲೆ ಎಣ್ಣೆಯಂಥ ಬಣ್ಣಬಣ್ಣದ ಪದರ ಕಂಡರೆ ಕೂಡಲೇ ಪಂಪ್‌ಸೆಟ್ ಮೇಲೆ ತಪ್ಪು ಹೊರಿಸಬೇಡಿ. ಒಂದು ಕಡ್ಡಿಯಿಂದ ಚುಚ್ಚಿ. ಪದರ ಒಡೆದ ಗಾಜಿನಂತೆ ಚೂರುಚೂರಾಗಿ ಹಾಗೇ ನಿಂತರೆ ಅದು ಕಬ್ಬಿಣದ ಬ್ಯಾಕ್ಟೀರಿಯಾದ ಕೆಲಸ. ಜಂಬಿಟ್ಟಿಗೆ ಮಣ್ಣಿನ ಕಡೆ ಇದು ಮಾಮೂಲು, ಜೊತೆಗೆ ಕಿತ್ತಳೆ ಬಣ್ಣದ ಲೋಳೆಯೂ ಇರುತ್ತದೆ. ಕಡ್ಡಿ ತೆಗೆದ ಕೂಡಲೇ ಮತ್ತೆ ಕೂಡಿಕೊಂಡರೆ ಅದು ಡೀಸೆಲ್ಲೋ ಆಯಿಲ್ಲೋ ಇರಬೇಕು. ನೊರೆಯೂ ಹಾಗೇ. ಕೊಳೆತ ಎಲೆಯಿಂದ ಬಂದ ನೊರೆ ಕಂದಾಗಿರುತ್ತದೆ, ಮಣ್ಣಿನ ವಾಸನೆ ಇರುತ್ತದೆ. ಸೋಪಿನದ್ದು ಮೂಗಿಗೇ ಗೊತ್ತಾಗುತ್ತದೆ, ಅಲ್ವಾ?

ಉಷ್ಣಾಂಶ, ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ), ಆಕ್ಸಿಜನ್ ಅಳೆಯಲು ಸಣ್ಣ ಕಿಟ್‌ಗಳು ಸಿಗುತ್ತವೆ. ಇದನ್ನು ಹಳ್ಳ ಕದಡುವ ಮುಂಚೆಯೇ ಮುಗಿಸಿ. ಪಿಎಚ್ 6.5ರಿಂದ 8.5ರೊಳಗೆ, ಆಕ್ಸಿಜನ್ ಲೀಟರಿಗೆ 6 ಮಿಲಿಗ್ರಾಂ ಅಥವಾ ಜಾಸ್ತಿ ಇದ್ದರೆ ಒಳ್ಳೆಯದು. ಪಲ್ಪಿಂಗ್ ನೀರು ಹುಳಿ. ಅದು ಸೇರಿದ ಕಡೆ ಪಿಎಚ್ ಇಳಿಯಬಹುದು, ಆಕ್ಸಿಜನ್ ಕೂಡ.

ಈಗ ಕಲ್ಲು

ಹಳೆಯ ಸೊಳ್ಳೆಪರದೆಯ ತುಂಡನ್ನು ಎರಡು ಬಿದಿರು ಗಳಕ್ಕೆ ಕಟ್ಟಿ. ಕಲ್ಲುಗಳ ಮೇಲೆ ನೀರು ಜುಳುಜುಳು ಓಡುವ ಕಡೆ ಒಬ್ಬರು ಅದನ್ನು ತಳಕ್ಕೆ ತಾಗಿಸಿ ಹಿಡಿಯಲಿ. ಇನ್ನೊಬ್ಬರು ಪರದೆಗಿಂತ ಮೇಲೆ, ಒಂದು ಮಾರು ಜಾಗದಲ್ಲಿ, ಮೂರು ನಿಮಿಷ ಕಾಲಿನಿಂದ ಕಲ್ಲು ಕದಡಲಿ. ದೊಡ್ಡ ಕಲ್ಲುಗಳನ್ನು ಕೈಯಿಂದ ಉಜ್ಜಿ. ಪರದೆಗೆ ಬಿದ್ದಿದ್ದನ್ನೆಲ್ಲ ನೀರು ಹಾಕಿದ ಬಿಳಿ ಟ್ರೇಗೆ ಸುರಿದು ಸುಮ್ನೆ ಕಾಯಿರಿ. ಮೊದಲು ಬರೀ ಕಸ. ಆಮೇಲೆ ಕಸ ನಡೆಯತೊಡಗುತ್ತದೆ.

ಬಾಲದಂಥ ಮೂರು ಎಳೆ, ಹೊಟ್ಟೆಯ ಎರಡೂ ಪಕ್ಕ ಪಟಪಟ ಬಡಿಯುವ ಸಣ್ಣ ಕಿವಿರು ಕಂಡರೆ ಅದು ಹೆಚ್ಚಾಗಿ ಮೇಫ್ಲೈ ಮರಿ. ಎರಡೇ ಬಾಲ, ಕಾಲಿನ ತುದಿಗೆ ಎರಡೆರಡು ಉಗುರು ಇದ್ದು, ಹೊಟ್ಟೆಯ ಪಕ್ಕದಲ್ಲಿ ಕಿವಿರು ಇಲ್ಲದಿದ್ದರೆ ಸ್ಟೋನ್‌ಫ್ಲೈ. ಮರಳು ಕಾಳನ್ನೋ ಎಲೆ ಚೂರನ್ನೋ ಅಂಟಿಸಿದ ಕೊಳವೆ ತೆವಳುತ್ತಿದ್ದರೆ ಒಳಗೆ ಕ್ಯಾಡಿಸ್‌ಫ್ಲೈ ಮರಿ ಇದೆ. ಈ ಮೂರಕ್ಕೂ ಆಕ್ಸಿಜನ್ ಚೆನ್ನಾಗಿ ಬೇಕು, ಅದರಲ್ಲೂ ಸ್ಟೋನ್‌ಫ್ಲೈ ಮಹಾ ನಾಜೂಕು. ಏರೋಪ್ಲೇನ್ ಚಿಟ್ಟೆಯ ಮರಿ, ಏಡಿ ನಡುವಿನ ದರ್ಜೆಯವು. ಕೆಂಪು ದಾರದಂಥ ರಕ್ತಹುಳಗಳು ಕೊಳಚೆಯಲ್ಲೂ ಬದುಕುತ್ತವೆ. ಅವುಗಳ ಮೈಯಲ್ಲಿ ಹಿಮೋಗ್ಲೋಬಿನ್ ಇದೆ, ಅದಕ್ಕೇ ಆ ಬಣ್ಣ. ನೀರಿನ ಮೇಲೆ ಓಡಾಡುವ ಹುಳಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅವು ಉಸಿರಾಡುವುದು ಹೊರಗಿನ ಗಾಳಿ.

ಎಷ್ಟು ಹುಳ ಎನ್ನುವುದಕ್ಕಿಂತ ಎಷ್ಟು ಬಗೆ ಎನ್ನುವುದನ್ನು ಬರೆದುಕೊಳ್ಳಿ. ಬಿಎಂಡಬ್ಲ್ಯುಪಿ ಎಂಬ ಅಂಕಪದ್ಧತಿ ಮೂಲದಲ್ಲಿ ಬ್ರಿಟನ್ನಿನದು. ಅದು ಹುಳಗಳ ಕುಟುಂಬಗಳಿಗೆ 1ರಿಂದ 10ರವರೆಗೆ ಅಂಕ ಕೊಡುತ್ತದೆ, ನಾಜೂಕಾದಷ್ಟೂ ಅಂಕ ಜಾಸ್ತಿ. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೂ ಇದೇ ಜಾಡಿನಲ್ಲಿ ಮಾನದಂಡ ಮಾಡಿದೆ. ಮೊದಲ ಸಲಕ್ಕೆ ಅಂಕ ಬಿಡಿ, ಮೇಲಿನ ಟ್ರೇ, ಕೆಳಗಿನ ಟ್ರೇ ಅಕ್ಕಪಕ್ಕ ಇಡಿ.

ಮೇಲೆ ಹತ್ತಾರು ಬಗೆ, ಕೆಳಗೆ ರಾಶಿ ರಾಶಿ ರಕ್ತಹುಳ ಮಾತ್ರ ಇದ್ದರೆ ನಡುವೆ ಎಲ್ಲೋ ಪಲ್ಪಿಂಗ್ ನೀರೋ ಚರಂಡಿಯೋ ಸೇರುತ್ತಿದೆ. ಕೆಳಗೆ ರಕ್ತಹುಳವೂ ಇಲ್ಲ, ಟ್ರೇ ಖಾಲಿ ಅಂದರೆ ವಿಷದ ಅನುಮಾನ ಪಡಿ: ತಾಮ್ರ, ಕೀಟನಾಶಕ, ಇಲ್ಲವೇ ಮೀನು ಹಿಡಿಯಲು ಸುರಿದ ಬ್ಲೀಚಿಂಗ್ ಪೌಡರ್. ತಳಕ್ಕೆ ಹೂಳು ತುಂಬಿ ಕಲ್ಲಿನ ಸಂದುಗಳು ಮುಚ್ಚಿದ್ದರೂ ಬಗೆಗಳು ಕಡಿಮೆಯಾಗುತ್ತವೆ. ಆಗ ನೋಡಬೇಕಾದದ್ದು ಮೇಲಿನ ಹೊಸ ರಸ್ತೆಯ ಮಣ್ಣನ್ನು.

ನೋಡಿದ ಹುಳಗಳನ್ನು ಹಿಡಿದ ಜಾಗಕ್ಕೇ ಬಿಡಿ, ಮಗುಚಿದ ಕಲ್ಲನ್ನು ಮೊದಲಿದ್ದ ಹಾಗೇ ಇಡಿ. ಫೋಟೊ, ದಿನಾಂಕ, ಜಾಗದ ವಿವರ ಸೇರಿಸಿ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಒಂದು ಪ್ರತಿ ಕೊಡಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಆ ಸಮಿತಿ ಇರಬೇಕು. ದೂರು ಕೊಡುವ ಯೋಚನೆ ಇದ್ದರೆ ಹುಳದ ಪಟ್ಟಿಯ ಜೊತೆ ಲ್ಯಾಬ್ ವರದಿಯೂ ಬೇಕಾಗುತ್ತದೆ. ಅದಕ್ಕೆ ಪಲ್ಪರ್ ಓಡುತ್ತಿರುವ ದಿನವೇ ನೀರು ಹಿಡಿದು, ಐಸ್ ಡಬ್ಬಿಯಲ್ಲಿಟ್ಟು, ಆವತ್ತೇ ಲ್ಯಾಬಿಗೆ ಮುಟ್ಟಿಸಿ.